ಖಂಡೇಪೂಜೆಗೆ ಕೂತ ಪಂಪು

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಪುಣೆಯ ಸಿಟಿ ಬಸ್ಸು ಹತ್ತಿದವರು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದ್ದುಂಟೇ? ಎಂಬತ್ತೆರಡನೇ ಇಸವಿಯ ಆ ಬೆಳಗ್ಗೆ ಮಾನಮ್ಮ ಕೂತಿದ್ದ ಬಸ್ಸನ್ನು ಡ್ರೈವರ್ ನಡುದಾರಿಯಲ್ಲಿ ನಿಲ್ಲಿಸಿ, ಅದರ ಮೂತಿಗೆ ಚೆಂಡುಹೂವಿನ ಮಾಲೆ ಹಾಕಿ, ಒಡೆಯಲು ತೆಂಗಿನಕಾಯಿ ಹುಡುಕುತ್ತಿದ್ದ. ಹುಡುಕಲಿ ಪಾಪ, ಅವನಿಗೇನು! ಅವನ ಮಗಳೇನು ಕುತ್ತಿಗೆಯ ತೂತಿನಿಂದ ಉಸಿರಾಡುತ್ತಿದ್ದಳೇ?

"ಅಹೋ, ಲವಕರ ಚಲಾ ನಾ!" ಎಂದು ಮಾನಮ್ಮ ಮರಾಠಿಯಲ್ಲಿ ಅವಸರ ಮಾಡಿದಳು.

"ಪಾಚ ಮಿನಿಟ, ಬಾಯಿ" ಎಂದ ಕಂಡಕ್ಟರ್. ಆ ಐದು ನಿಮಿಷ ಇಪ್ಪತ್ತಾಯಿತು. ಅವಳು ಇಳಿದು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಪರ್ವತಿ ಗುಡ್ಡದ ಕೆಳಗಿನ ಮನೆಯ ಕಡೆ ನಡೆದೇಬಿಟ್ಟಳು.

ಮಗಳು ಪಾರಿಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ, ಗಂಟಲ ದಾರಿಯೂ ಕಿರಿದು. ಆಸ್ಪತ್ರೆಯವರು ಕುತ್ತಿಗೆಗೆ ತೂತು ಮಾಡಿ ಲೋಹದ ನಳಿಗೆ ಕೂರಿಸಿದ್ದರು. ಮನೆಗೆ ಕಳಿಸುವಾಗ ಕಾಲಿನಿಂದ ತುಳಿಯುವ ಪಂಪೊಂದನ್ನು ಕೊಟ್ಟಿದ್ದರು. ನಳಿಗೆಯಲ್ಲಿ ಕಫ ಕಟ್ಟಿದಾಗ ಒಬ್ಬರು ಪಂಪು ತುಳಿಯಬೇಕು, ಇನ್ನೊಬ್ಬರು ಸಣ್ಣ ರಬ್ಬರ್ ಕೊಳವೆ ಇಳಿಸಿ ಕಫ ಎಳೆಯಬೇಕು. ಗಂಡ ಭೀಮಣ್ಣ ಗಾರೆ ಕೆಲಸದ ಗೌಂಡಿ. ತಳೇಗಾಂವದಲ್ಲಿ ಕಾರ್ಖಾನೆ ಕಟ್ಟುವ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಹೀಗಾಗಿ ತುಳಿಯುವವಳು ಅತ್ತೆ ಸಾಬವ್ವ, ಎಳೆಯುವವಳು ಮಾನಮ್ಮ. ಹಳೆಯ ಕೊಳವೆ ಸೀಳತೊಡಗಿತ್ತೆಂದು ಅವಳು ಬೆಳಗ್ಗೆ ಮಗಳ ಕಫ ತೆಗೆದು, ಬೇರೊಂದನ್ನು ಕೊಳ್ಳಲು ಹೊರಟಿದ್ದಳು. ಹೊಸದು ಈಗ ಸೆರಗಿನ ಗಂಟಿನಲ್ಲಿತ್ತು. ಒಂದು ಗಂಟೆಯಲ್ಲಿ ಬರುತ್ತೇನೆಂದು ಹೇಳಿ ಹೋದವಳಿಗೆ ಎರಡು ಗಂಟೆ ಆಗಿಹೋಗಿತ್ತು.

ತಗಡಿನ ಬಾಗಿಲು ನೂಕಿದಾಗಲೇ ಕೇಳಿಸಿತು, ಪಾರಿಯ ಕುತ್ತಿಗೆಯ ಗೊರಗೊರ. ಆ ಕೂಸಿಗೆ ಅಳುವ ದನಿಯಿಲ್ಲ. ಕೈಯಿಂದ ಹಾಸಿಗೆ ಬಡಿಯುತ್ತದೆ, ಅಷ್ಟೇ. ಈಗ ಬಡಿಯುತ್ತಿತ್ತು. ಮಾನಮ್ಮ ಮಂಚದ ಕೆಳಗೆ ಕೈ ಹಾಕಿದಳು. ಪಂಪು ಇರಲಿಲ್ಲ.

"ಅತ್ತೀ, ಪಂಪ್ ಎಲ್ಲಿ ಅದರೀ?"

ಸಾಬವ್ವ ಮೂಲೆಗೆ ಕೈ ತೋರಿಸಿದಳು. ದೇವರ ಪಟದ ಮುಂದೆ ಭೀಮಣ್ಣ ಗಾರೆ ಬಳಿಯುತ್ತಿದ್ದ ಹಳೆಯ ಕರಣಿ, ತೂಗುಗುಂಡು, ಕುಡುಗೋಲು. ಅವುಗಳ ನಡುವೆ ಮದುಮಗನ ಹಾಗೆ ಮಾಲೆ ಹಾಕಿಕೊಂಡು, ಮೈತುಂಬ ಕುಂಕುಮ ಬಳಿದುಕೊಂಡು ಪಂಪು ಕೂತಿತ್ತು.

"ಕರಣಿಗೆ ಪೂಜಿ ಅದ, ಕೂಸಿನ ಜೀವಾ ಉಳಸೂದಕ್ಕ ಬ್ಯಾಡೇನವ್ವ?" ಎಂದಳು ಮುದುಕಿ. "ಮಾಡಿದ ಮ್ಯಾಲೆ ನೆನಪಾತು. ಖಂಡೇಕ್ಕ ಇಟ್ಟದ್ದು ನಾಳಿ ಬನ್ನಿ ಮುಡಿಯೂತನಕ ಎತ್ತಬಾರದು."

ನಾಳೆಯಂತೆ ನಾಳೆ! ಉಸಿರು ನಾಳೆಯವರೆಗೆ ಕಾಯುತ್ತದೆಯೇ? ಮಾನಮ್ಮ ಒಂದೇ ಸಲಕ್ಕೆ ಪಂಪು ಎತ್ತಿ ತಂದಳು. ಹೂವು ಚೆಲ್ಲಾಪಿಲ್ಲಿಯಾಯಿತು. ಹೊಸ ಕೊಳವೆ ಸಿಕ್ಕಿಸಿ, ಮಗಳ ಪಕ್ಕ ಬಗ್ಗಿ ಕೂತಳು. ಪಾರಿಯ ತುಟಿ ನೀಲಿಗಟ್ಟುತ್ತಿತ್ತು.

"ತುಳೀರಿ!"

ಸಾಬವ್ವ ಕಾಲೆತ್ತಿದಳು. ಎತ್ತಿದ ಕಾಲು ಅಲ್ಲೇ ನಿಂತಿತು. "ಈಗಷ್ಟ ಆರತಿ ಬೆಳಗೀನಿ, ಮಾನಾ. ಕಾಲು ಹ್ಯಾಂಗ ಇಡ್ಲಿ?"

ಮಾನಮ್ಮ ತಾನೇ ಒಂದು ಕಾಲು ಚಾಚಿ ತುಳಿಯಲು ನೋಡಿದಳು. ಪಂಪು ಜಾರಿತು, ಕೊಳವೆ ಹಿಡಿದ ಕೈ ಅಲುಗಿತು. ಅಷ್ಟರಲ್ಲಿ ಕೂಸಿನ ಕೈ ಹಾಸಿಗೆ ಬಡಿಯುವುದನ್ನು ನಿಲ್ಲಿಸಿಬಿಟ್ಟಿತು.

"ಅತ್ತೀ, ಕೂಸು ಹೋಗತದರೀ!"

"ತಾಯೀ, ತಪ್ಪು ನಂದು, ಕೂಸಿಂದಲ್ಲ" ಎಂದು ದೇವಿಯ ಪಟದ ಕಡೆ ಚೀರಿ ಸಾಬವ್ವ ಪಂಪಿನ ಮೇಲೆ ಹೆಜ್ಜೆ ಊರಿದಳು. ಒಂದು, ಎರಡು, ಹತ್ತು. ಕಣ್ಣು ಮುಚ್ಚಿಕೊಂಡು, ಅಳುತ್ತ, ಧಪಧಪ ತುಳಿದಳು. ಕೊಳವೆಯಲ್ಲಿ ಸೊರ್ರೆಂದು ಕಫ ಬಂತು. ಪಾರಿ ಕೆಮ್ಮಿದಳು. ತುಟಿಗೆ ನಿಧಾನವಾಗಿ ಬಣ್ಣ ಬಂತು, ಕೈ ಮತ್ತೆ ಆಡಿತು.

ಮುದುಕಿ ಗೋಡೆಗೊರಗಿ ಕೂತಳು. ಅಂಗಾಲೆಲ್ಲ ಕೆಂಪಗೆ ಕುಂಕುಮ. ಅದನ್ನು ದೇವರಿಂದ ಆಚೆ ತಿರುಗಿಸಿಕೊಂಡು, "ಈ ಕಾಲಿಗೆ ಏನ್ ಗತಿ ಅದನೋ" ಎಂದು ಗೊಣಗಿದಳು. ದಾರಿಯುದ್ದಕ್ಕೂ ಬಸ್ಸಿನವನಿಗೆ ಕೂಡಿಸಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಅತ್ತೆಯ ಮೇಲೆ ಸುರಿಯಬೇಕೆಂದಿದ್ದ ಮಾನಮ್ಮ ಅದನ್ನೆಲ್ಲ ಬಿಟ್ಟು ಎದ್ದುಬಂದಳು. ನೆಲಕ್ಕೆ ಬಗ್ಗಿ ಆ ಕೆಂಪು ಕಾಲಿನ ಮೇಲೆ ಹಣೆಯಿಟ್ಟಳು. "ಈ ಕಾಲಿಲ್ಲಂದ್ರ ನನ್ನ ಮಗಳಿಲ್ರೀ" ಎಂದು ಬಿಕ್ಕಿದಳು.

ಮಂಚದ ಮೇಲೆ ಮತ್ತೆ ಗೊರಗೊರ ಶುರುವಾಯಿತು.

"ಏಳಾ, ಆಮ್ಯಾಲೆ ಬೀಳಂತಿ ಕಾಲಿಗೆ" ಎಂದು ಸಾಬವ್ವ ಸೊಸೆಯ ತಲೆ ಸರಿಸಿ, ಎದ್ದುನಿಂತು, ಆ ಕಾಲನ್ನೇ ಪಂಪಿನ ಮೇಲಿಟ್ಟಳು.