ಕೌದಿಯ ಹೊಟ್ಟೆ

ಮೌನಪ್ಪನ ಎಡಗೈ ಮತ್ತೆ ಹೊಟ್ಟೆಯ ಮೇಲೆ ಹೋಗಿತ್ತು. ಪರದೆಯ ಮೂಲೆಯಲ್ಲಿ ಕೆಂಪು ದೀಪ ಹತ್ತಿತು. ಯಂತ್ರ ನಿಂತಿತು.

“ಸರ್, ಮತ್ತ ಕೈ ಇಟ್ರಿ,” ಎಂದಳು ನೌಶೀನ್.

“ರೂಢಿ.”

“ಅದು ರಬ್ಬರ್ ಅದ, ಸರ್.”

“ಗೊತ್ತದವಾ.”

ಗೊತ್ತಿತ್ತು. ಮೇಜಿನ ಮೇಲೆ ಮಲಗಿದ್ದಕ್ಕೆ ತಲೆಯಿರಲಿಲ್ಲ, ಕಾಲಿರಲಿಲ್ಲ. ಎದೆಯಿಂದ ತೊಡೆಯ ತನಕದ ಬರಿಯ ಮುಂಡ. ಹೊಟ್ಟೆಯಲ್ಲಿ ಮೂರು ತೂತು. ತೂತಿನೊಳಗೆ ಉದ್ದನೆಯ ಎರಡು ಇಕ್ಕಳ ತೂರಿಸಿ, ಪರದೆಯಲ್ಲಿ ನೋಡುತ್ತ, ಒಳಗೆ ಹರಿದ ಕರುಳನ್ನು ಹೊಲಿಯಬೇಕು. ಕೈ ಎಷ್ಟು ಅಲುಗಿತು, ದಾರ ಎಲ್ಲಿ ಬಿಗಿಯಾಯಿತು, ಎಲ್ಲವನ್ನೂ ಯಂತ್ರ ಅಳೆಯುತ್ತದೆ; ಕೈ ಇಕ್ಕಳ ಬಿಟ್ಟರೆ ನಿಂತೇಬಿಡುತ್ತದೆ. ಎಂಬತ್ತು ಅಂಕ ಬರಬೇಕು. ಬಾರದಿದ್ದರೆ ಡಾಕ್ಟರ್ ಮೌನಪ್ಪ ಇನ್ನು ಈ ಆಸ್ಪತ್ರೆಯಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಎರಡು ಸಲ ಸೋತಿದ್ದ. ಉಳಿದದ್ದು ಒಂದು. ಗುರುವಾರ ತನ್ನ ಹೊಟ್ಟೆಗೆ ಅವನೇ ಕೈ ಹಾಕಬೇಕೆಂದು ಮಾನ್ವಿಯ ಮುನ್ನೀ ಬೀ ಹಟ ಹಿಡಿದು ವಾರ್ಡಿನಲ್ಲಿ ಕೂತಿದ್ದಳು.

ನೌಶೀನ್ ಅವನ ಹಳೆಯ ವಿದ್ಯಾರ್ಥಿನಿ. ಮಂಚದ ಕಾಲಿಗೆ ದಾರ ಕಟ್ಟಿ ಗಂಟು ಹಾಕುವುದನ್ನು ಅವಳಿಗೆ ಕಲಿಸಿದವನು ಅವನೇ. ಈಗ ಯಂತ್ರ ಅವಳ ಸುಪರ್ದಿನಲ್ಲಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

“ಚಾ ಕುಡದು ಬರ್ರಿ, ಸರ್. ಆಮ್ಯಾಲ ನೋಡೋಣು.”

ತನ್ನ ಕೋಣೆಗೆ ಬಂದ. ಕುರ್ಚಿಯ ಮೇಲೆ ಬೆಳಿಗ್ಗೆ ದೇವದುರ್ಗದಿಂದ ತಂದ ಗಂಟು ಇತ್ತು. ಅವ್ವ ಅಮರಮ್ಮ ಹೋಗಿ ಹನ್ನೆರಡು ದಿನ. ನಿನ್ನೆ ಎಡೆ ಹಿಡಿದಿದ್ದರು. ಹೊರಡುವಾಗ ತಂಗಿ ಸೌಭಾಗ್ಯ ಗಂಟು ತಂದು ಕೈಗಿಟ್ಟಿದ್ದಳು.

“ಅವ್ವನ ಕಡೀ ಕೌದಿ. ಒಂದು ಮೂಲಿ ಉಳದದ. ನೀನಾ ಮುಚ್ಚಬೇಕಂತ.”

“ನೀನಾ ಹೊಲದು ಮುಚ್ಚು.”

“ನಿನ್ನ ಹೊಲಿಗಿ ಛಲೋ ಅದ ಅಂತಿದ್ಲು. ದೊಡ್ಡ ಡಾಕ್ಟರ್ ಅಲ್ಲೇನಪ್ಪಾ ನೀ,” ಎಂದು ಅಳುತ್ತಲೇ ಛೇಡಿಸಿ, ಕಾಗದದಲ್ಲಿ ಸುತ್ತಿದ ಹೋಳಿಗೆಯ ತುಂಡನ್ನು ಗಂಟಿನ ಮೇಲಿಟ್ಟಿದ್ದಳು.

ದಾರಿಯಲ್ಲಿ ಕಲ್ಮಲ ಊರು ದಾಟುವ ತನಕ ಕಾರಿನಲ್ಲಿ ಹೋಳಿಗೆಯ ವಾಸನೆ ಇತ್ತು.

ಕೂಲಿಯಿಂದ ಬಂದು, ರೊಟ್ಟಿ ಬಡಿದು, ಅವ್ವ ಕೌದಿ ಹಾಸಿಕೊಂಡು ಕೂಡುತ್ತಿದ್ದಳು. ಹಳೆಯ ಸೀರೆಗಳ ಪದರಿನ ಕೆಳಗೆ ಎಡ ಅಂಗೈ, ಮೇಲೆ ಸೂಜಿ. ಕಣ್ಣು ಬೇರೆಲ್ಲೋ. “ಮ್ಯಾಲಿನ ಕೈ ಬರೇ ದುಡೀತದ. ಕೆಳಗಿನ ಕೈ ನೋಡತದ,” ಎನ್ನುತ್ತಿದ್ದಳು. ಏಳು ವರ್ಷದ ಮೌನಪ್ಪ ಸೂಜಿ ಹಿಡಿದದ್ದು ಅಲ್ಲಿ. ಕಡೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರನ್ನಿಟ್ಟು ದೇವರ ಹೆಸರು ಹೇಳುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸುವುದೆಂದರೆ ಅದು. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎಂಬುದು ಅವಳ ನಂಬಿಕೆ.

ಯಂತ್ರದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವನು ಕಲಿತದ್ದು ಜೀವಂತ ಹೊಟ್ಟೆಗಳ ಮೇಲೆ. ಮೂವತ್ತು ವರ್ಷದ ಹಿಂದೆ, ಕವಿತಾಳದ ಒಬ್ಬ ಹಮಾಲ. ಅವನು ಉಳಿಯಲಿಲ್ಲ. ರಬ್ಬರ್ ಸಾಯುವುದಿಲ್ಲ, ಒಳ್ಳೆಯದೇ. ಆದರೆ ಅಂದಿನಿಂದ, ಸೂಜಿ ಎತ್ತುವ ಮೊದಲು ರೋಗಿಯ ಹೊಟ್ಟೆಯ ಮೇಲೆ ಎಡ ಅಂಗೈ ಇಟ್ಟು, ಅದು ಬೆಚ್ಚಗಾಗುವ ತನಕ ಕಾಯುವುದು ರೂಢಿಯಾಗಿತ್ತು. ಪ್ರಾರ್ಥನೆಯೋ, ಭಯವೋ. ಯಾರೂ ಕೇಳಿರಲಿಲ್ಲ.

ಮೂರನೆಯ ಸಲ ಅವನು ಹೊಟ್ಟೆಯ ಕಡೆ ನೋಡಲೇ ಇಲ್ಲ. ಪರದೆಯನ್ನು ಮಾತ್ರ ನೋಡಿದ. ಎಡಗೈಯನ್ನು ತನ್ನದೆಂದು ತಿಳಿಯಲಿಲ್ಲ. ಸೂಜಿ ಹೋಯಿತು, ಬಂತು. ಅವ್ವನಿಲ್ಲ, ಹಮಾಲನಿಲ್ಲ, ಯಾರೂ ಇಲ್ಲ. ಇಷ್ಟು ಹಗುರವೇ ಎನ್ನಿಸಿತು.

“ತೊಂಬತ್ಮೂರು!” ನೌಶೀನ್ ಕುಣಿದಳು. “ನನಗಾ ಎಂಬತ್ತೆಂಟು ಬಂದಿತ್ತು, ಸರ್. ಗುರುದಕ್ಷಿಣಾ ಮುಟ್ಟಿದಂಗಾತು!”

“ಯಾರಿಂದ ಯಾರಿಗೆ?”

ಅವಳು ನಕ್ಕಳು. ಅವನು ನಿಜವಾಗಿಯೇ ಕೇಳಿದ್ದ.

ವಾರ್ಡಿಗೆ ಹೋದ. ಮುನ್ನೀ ಬೀ ಎದ್ದು ಕೂತಳು.

“ಪಾಸಾದ್ರೇನು, ಡಾಕ್ಟರ್ ಸಾಬ್? ನರ್ಸ್ ಹೇಳಿದ್ಲು, ನಿಮಗೂ ಪರೀಕ್ಷಾ ಅದ ಅಂತ.”

“ಆದೆ.”

“ನಮ್ಮ ಮಾನ್ವ್ಯಾಗ ಕಲ್ಲಿಗೇನು ಕಮ್ಮಿ ಇತ್ತಂತ ನನ್ನ ಹೊಟ್ಟ್ಯಾಗೂ ಹುಟ್ಟ್ಯಾವ ನೋಡ್ರಿ! ಎಲ್ಲಿ, ಕೈ ಇಡ್ರಿ. ಹ್ವಾದ ಸಲ ಇಟ್ಟಾಗ ಅರ್ಧ ಬ್ಯಾನಿ ಹೋಗಿತ್ತು.”

ಅಂಗೈ ಇಟ್ಟ. ಹೊಟ್ಟೆ ಏರಿತು, ಇಳಿಯಿತು. ಅಂಗೈಗೆ ಏನೂ ತಿಳಿಯಲಿಲ್ಲ. ಅವನ ಕಣ್ಣು ಗೋಡೆಯ ಮೂಲೆಗೆ ಹೋಗಿತ್ತು, ಕೆಂಪು ದೀಪ ಹತ್ತುವ ಜಾಗಕ್ಕೆ.

“ಯಾಕ ಕೈ ತಗದ್ರಿ?” ಎಂದಳು ಮುನ್ನೀ ಬೀ.

“ಗುರುವಾರ ಮುಂಜಾನೆ ಏನೂ ತಿನಬ್ಯಾಡ್ರಿ.”

“ಕೇಳಿದ್ದೇನು, ಹೇಳಿದ್ದೇನು!” ಎಂದು ಅವಳು ಸೆರಗು ಸರಿ ಮಾಡಿಕೊಂಡಳು.

ಕೋಣೆಯಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಬಾಗಿಲು ಹಾಕಿ, ಹೋಳಿಗೆಯ ಕಾಗದವನ್ನು ಮೇಜಿಗೆ ಸರಿಸಿ, ಅದರ ಪಕ್ಕದಲ್ಲೇ ಗಂಟು ಬಿಚ್ಚಿದ. ಕೌದಿಯ ಪದರುಗಳಲ್ಲಿ ಅವ್ವನ ಹಸಿರು ಇಳಕಲ್ ಸೀರೆ, ಅಪ್ಪನ ಧೋತರ, ತನ್ನ ಶಾಲೆಯ ಖಾಕಿ ಚಡ್ಡಿಯ ಚೌಕ. ಮೂಗಿಗೆ ಹಿಡಿದ. ಹೊಗೆಯ ವಾಸನೆ. ಸೂಜಿಯನ್ನು ಅವ್ವ ಅಲ್ಲೇ ಸಿಕ್ಕಿಸಿದ್ದಳು, ದಾರ ಪೋಣಿಸಿಯೇ.

ಹೊಲಿದ. ಒಂದು ಜೋಳದ ಕಾಳಿನಷ್ಟು ಅಂತರ, ಪ್ರತಿ ಹೊಲಿಗೆಗೂ ಅಷ್ಟೇ. ಅವ್ವನ ಹೊಲಿಗೆಗಳು ಸೊಟ್ಟಗೆ ಬಂದು ನಿಂತಲ್ಲಿಂದ ಅವನವು ನೆಟ್ಟಗೆ ಹೊರಟವು. ಇಷ್ಟು ಚೆನ್ನಾಗಿ ಎಂದೂ ಹೊಲಿದಿರಲಿಲ್ಲ. ಗಂಟು ಹಾಕಿ, ಅವಳ ಹಾಗೆಯೇ ಹಲ್ಲಿನಿಂದ ದಾರ ಕಡಿದ.

ತಲೆ ಎತ್ತಿದಾಗ ಮೇಜಿನ ಮೇಲೆ ಹೋಳಿಗೆ ಹಾಗೆಯೇ ಇತ್ತು.

ಕತ್ತರಿ ತೆಗೆದುಕೊಂಡ. ಮೊದಲ ಹೊಲಿಗೆಯ ಕೆಳಗೆ ಅದರ ಮೊನೆ ಇಟ್ಟ. ಎಲ್ಲಿಯೂ ತಪ್ಪಿರಲಿಲ್ಲ, ಬಿಚ್ಚಲು ಕೈ ಬರಲಿಲ್ಲ. ಕತ್ತರಿ ಕೆಳಗಿಟ್ಟು, ಕೌದಿಯ ಆ ಮೂಲೆಯ ಮೇಲೆ ಎಡ ಅಂಗೈ ಊರಿ, ಬೆಚ್ಚಗಾಗಲೆಂದು ಕಾದ. ಕಾಗದದ ಮಡಿಕೆಯಿಂದ ಇರುವೆಗಳು ಒಂದೊಂದಾಗಿ ಹೋಳಿಗೆಯ ಚೂರು ಹೊತ್ತು, ಅವನ ಬೆರಳುಗಳನ್ನು ಬಳಸಿಕೊಂಡು, ಹೊಲಿಗೆಯ ಮೇಲೆ ಸಾಲಾಗಿ ಹೊರಟವು. ಒಳಗೆ ಹೋಗಲು ಎಲ್ಲಿಯೂ ಸಂದು ಸಿಗದೆ ಆ ಮೂಲೆಯನ್ನೇ ಸುತ್ತತೊಡಗಿದವು.