ಟಾಕಿಯ ತಳದ ನೀರು

ಆಲಮಟ್ಟಿ ಹಿನ್ನೀರಿನ ನಟ್ಟನಡುವೆ ಬೋಟಿನ ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅದೇ ಹೊತ್ತಿಗೆ ಅಣೆಕಟ್ಟಿನ ಕಡೆಯಿಂದ ಸೈರನ್ ಕೂಗಿತು. ಗೇಟು ಎತ್ತುತ್ತಿದ್ದರು.

ಪರಮಾನಂದ ಹ್ಯಾಂಡಲ್ ಹಾಕಿ ತಿರುವಿದ. ಇಂಜಿನ್ ಹೊಗೆಯನ್ನೂ ಉಗುಳಲಿಲ್ಲ.

"ಕಲ್ಲು ಬಿಡ ಲಗೂನ!" ಎಂದು ಹೆಂಡತಿಗೆ ಒದರಿದ.

ಹುಲಿಗೆವ್ವ ಹಗ್ಗಕ್ಕೆ ಕಟ್ಟಿದ್ದ ಲಂಗರುಗಲ್ಲನ್ನು ಇಳಿಬಿಟ್ಟಳು. ಹಗ್ಗ ಮುಗಿಯಿತು, ಕಲ್ಲು ತಳ ಮುಟ್ಟಲಿಲ್ಲ.

"ನೆಲಾನ ಸಿಗವಲ್ದರಿ."

ದಂಡೆಯ ಜಾಲಿಗಿಡಗಳು ಒಂದೊಂದಾಗಿ ಹಿಂದೆ ಸರಿಯತೊಡಗಿದವು. ಯಾರೋ ಮೂಗುದಾರ ಹಿಡಿದು ಎಳೆದಂತೆ ಬೋಟು ಗೇಟಿನ ಕಡೆಗೆ ಹೊರಟಿತ್ತು. ಹುಲಿಗೆವ್ವ ಹುಟ್ಟು ಹಿಡಿದು ಎದುರು ಹಾಕುತ್ತಲೇ ಕೇಳಿದಳು, "ಮುಂಜಾನೆ ಟಾಕಿ ನೀರು ತಗದೀರೇನ್ರಿ?"

ಅರ್ಧ ಖಾಲಿಯಾದ ಡೀಸೆಲ್ ಟಾಕಿ ರಾತ್ರಿ ಒಳಗೊಳಗೇ ಬೆವರುತ್ತದೆ. ಆ ನೀರು ಡೀಸೆಲ್ಲಿನ ಕೆಳಗೆ ಕೂರುತ್ತದೆ. ದಿನಾ ಮುಂಜಾನೆ ತಳದ ತಿರುಪು ಸಡಿಲಿಸಿ ಒಂದು ಗಾಜಿನ ಗ್ಲಾಸಿಗೆ ಅದನ್ನು ಬಸಿಯುವುದು ಪರಮಾನಂದನ ರೂಢಿ. ಮೂರು ದಿನದ ಹಿಂದೆ ಮೆಕ್ಯಾನಿಕ್ ಅಶ್ಫಾಕ ಡೀಸೆಲ್ಲಿಗೆ ಹಾಕುವ ಔಷಧದ ಒಂದು ಬಾಟಲಿ ಕೊಟ್ಟಿದ್ದ. "ಒಂದು ಮುಚ್ಚಳ ಹಾಕು ಪರಮಣ್ಣಾ, ನೀರು ಗೀರು ಎಲ್ಲಾ ಸುಟ್ಟು ಹೋಗತೈತಿ." ಅಂದಿನಿಂದ ತಿರುಪು ಮುಟ್ಟಿರಲಿಲ್ಲ.

"ತಗದಿಲ್ಲ. ಔಷಧ ಹಾಕೇನಿ."

"ಪೌಡರ್ ಹಚ್ಚಿದ್ರ ಮಾರಿ ತೊಳಿಯೂದು ಬಿಡ್ತೀರೇನು?"

ಬೇರೆ ದಿನವಾಗಿದ್ದರೆ ಜಗಳವೇ ಆಗುತ್ತಿತ್ತು. ಈಗ ಅವನು ತಿರುಪು ಬಿಚ್ಚುವ ಪಾನಾ ಹುಡುಕಿದ. ತಿರುಪಿಗೆ ಹಾಕಿದರೆ ಅವಸರಕ್ಕೆ ಜಾರಿತು. ನೀರಿಗೆ ಉರುಳುತ್ತಿದ್ದ ಪಾನಾವನ್ನು ಹುಲಿಗೆವ್ವ ಕಾಲಲ್ಲಿ ಒತ್ತಿ ಹಿಡಿದಳು. ರೂಢಿಯಂತೆ ಗ್ಲಾಸು ಕೆಳಗಿಟ್ಟ. ಗ್ಲಾಸು ತುಂಬ ನೀರೇ ಬಂತು. ಫಿಲ್ಟರಿನಲ್ಲೂ ನೀರು. ಎಲ್ಲ ಬಸಿದು, ಟಾಕಿ ಬಿಗಿದು, ಪೈಪಿನ ತಿರುಪು ಸಡಿಲಿಸಿ ಗಾಳಿಗುಳ್ಳೆ ಬಿಡಿಸಲು ಕೈಪಂಪು ಒತ್ತತೊಡಗಿದ.

ಗೇಟುಗಳ ಮೊರೆತ ಈಗ ಹೊಟ್ಟೆಯೊಳಗೇ ಕೇಳುತ್ತಿತ್ತು. ಅವುಗಳ ಮೇಲೆ ಬರೆದ ನಂಬರು ಓದಬಹುದಿತ್ತು.

"ಗುಳ್ಳಿ ನಿಂತಾವೇನ್ರಿ?"

"ಇನ್ನಾ ಇಲ್ಲ!"

ಅವಸರ ಮಾಡಿದರೆ ಇಂಜಿನ್ ಏಳದು. ಅವನು ನಂಬರುಗಳ ಕಡೆ ನೋಡದೆ ಒತ್ತುತ್ತಲೇ ಇದ್ದ. ಗುಳ್ಳೆ ನಿಂತವು. ತಿರುಪು ಬಿಗಿದು ಹ್ಯಾಂಡಲ್ ತಿರುವಿದ. ಒಂದು. ಎರಡು. ಮೂರನೆಯದಕ್ಕೆ ಇಂಜಿನ್ ಗುಡುಗಿತು.

ಬೋಟು ದಂಡೆ ಮುಟ್ಟಿದಾಗ ಅಲ್ಲಿ ಅಶ್ಫಾಕ ನಗುತ್ತ ನಿಂತಿದ್ದ. "ಹ್ಯಾಂಗೈತಿ ಪರಮಣ್ಣಾ, ನಮ್ಮ ಔಷಧ?"

ಪರಮಾನಂದ ಬೋಟಿನಿಂದ ಇಳಿದ. ಬೋಟಿನ ಅಂಚು ಹಿಡಿದು ಹಾಗೇ ಕೆಸರಿನಲ್ಲಿ ಕುಳಿತ.

ಹುಲಿಗೆವ್ವ ಟಾಕಿಯಿಂದ ಬಸಿದ ನೀರಿನ ಗ್ಲಾಸನ್ನು ಅಶ್ಫಾಕನ ಮುಂದೆ ಹಿಡಿದಳು.

"ಕುಡಿ ತಮ್ಮಾ. ನಿನ್ನ ಔಷಧ ಸುಟ್ಟ ನೀರು."