ಬಾಗಿಲು ಬಡಿದದ್ದು ಯಾರು?

ಚಿಕ್ಕಂದಿನಲ್ಲಿ ದರ್ಜಿಯೂ ಅವನ ಅಕ್ಕನೂ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಬಾಹ್ಯಾಕಾಶ ನೌಕೆಯ ರೇಡಿಯೊ ನಾಟಕ ಅದು. ಕೊನೆಯಲ್ಲಿ ಹೊರಗಿನಿಂದ ಯಾರೋ ಮೂರು ಸಲ ಬಾಗಿಲು ಬಡಿಯುತ್ತಿದ್ದರು. ಕೇಳಿದಾಗಲೆಲ್ಲ ಇಬ್ಬರಿಗೂ ಮೈ ಜುಮ್ಮೆನ್ನುತ್ತಿತ್ತು.

“ಸತ್ತ ಕ್ಯಾಪ್ಟನ್ನೇ ಕಣಕ್ಕಾ. ಎರಡನೇ ಭಾಗ ಅಂತ ಬಂದ್ರೆ ಅಲ್ಲಿಂದ್ಲೇ ಶುರುವಾಗ್ಬೇಕು.”

“ನಿನ್ನ ತಲೆ! ಅದು ಬೇರೆ ಗ್ರಹದ್ದು.”

ಈ ಜಗಳಕ್ಕೆ ಮೂವತ್ತು ವರ್ಷ.

ಮೊನ್ನೆ ಮೊಬೈಲಿನಲ್ಲಿ ಮೂಲ ನಾಟಕ ಸಿಕ್ಕಿತು. ಹೊಲಿಗೆ ಯಂತ್ರ ನಿಲ್ಲಿಸಿ ಇಬ್ಬರೂ ಕೇಳಿದರು. ಕೊನೆಯಲ್ಲಿ ಯಾರೂ ಬಾಗಿಲು ಬಡಿಯಲಿಲ್ಲ.

ದರ್ಜಿಗೆ ಆಗ ಹೊಳೆಯಿತು. ಅಂದು ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಯಾರೂ ಒಳಬಂದು ಸದ್ದು ಮಾಡದಿರಲೆಂದು ಚಿಲಕ ಹಾಕಿದ್ದವನು ಅವನೇ. ಕೆಲಸ ಮುಗಿಸಿ ಬಂದ ಅಪ್ಪ ಹೊರಗೇ ನಿಂತಿದ್ದರು.

ಅಪ್ಪ ತೀರಿಕೊಂಡು ವರ್ಷಗಳೇ ಆಗಿದ್ದವು. ಅಕ್ಕ ಕಣ್ಣೊರೆಸಿಕೊಂಡಳು. “ಎರಡನೇ ಭಾಗ ಹಾಳಾಗಿ ಹೋಗ್ಲಿ. ಆ ಹಳೇ ಕ್ಯಾಸೆಟ್ ಹಾಕೋ. ಅಪ್ಪ ಇನ್ನೊಂದ್ಸಲ ಬಾಗಿಲು ಬಡೀಲಿ.”